ಕೋಪರಿಯಿಂದ ಕರಾವಳಿಗೆ: ದೂರ ಪ್ರಯಾಣದ ಲೆಕ್ಕಪತ್ರ

ರಜೆಯ ದಿನಗಳು ಸಮೀಪಿಸುತ್ತಿದ್ದಂತೆ ಕೋಪರಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ಒಂದು ಕಾಲದಲ್ಲಿ ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಕುಳಿತು ರಾತ್ರಿ ಕಳೆಯುವುದಾಗಿತ್ತು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ರೈಲು ನಮ್ಮ ಪಾಲಿಗೆ ವರವಾಯಿತು. ಈಗಲಾದರೋ ಅನೇಕ ಕುಟುಂಬಗಳು ಸ್ವಂತ ಕಾರಿನಲ್ಲೇ ಹೊರಡುತ್ತವೆ. ಟಿಕೇಟಿನ ಚಿಂತೆ ತಪ್ಪಿತೆಂಬ ಸಂತೋಷದಲ್ಲಿ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ಬಸ್ಸಿನ ಚಾಲಕನು ಹೊರುತ್ತಿದ್ದ ಹೊಣೆ ಈಗ ನಮ್ಮ ಹೆಗಲಿಗೆ ಬಂದಿದೆ. ಅವನಿಗಿದ್ದ ಅಭ್ಯಾಸವಾಗಲಿ, ಬದಲಿ ಚಾಲಕನಾಗಲಿ ನಮಗಿಲ್ಲ.

ಹಣದ ಲೆಕ್ಕದಲ್ಲಿ ಮೀಸಲು ನಿಧಿಯೆಂಬುದೊಂದಿದೆ. ಆದಾಯವೆಲ್ಲವನ್ನೂ ಖರ್ಚಿಗೆ ತೋರಿಸಿದವನು ಮೊದಲ ಆಕಸ್ಮಿಕಕ್ಕೇ ಸಾಲಗಾರನಾಗುತ್ತಾನೆ. ಪ್ರಯಾಣಕ್ಕೂ ಇದೇ ನಿಯಮ. ಆದರೆ ಇಲ್ಲಿ ಮೀಸಲಿಡಬೇಕಾದುದು ಹಣವಲ್ಲ, ಹೊತ್ತು.

ದೂರದ ಲೆಕ್ಕ

ಪನವೇಲಿನಲ್ಲಿ ಆರಂಭವಾಗಿ ಕನ್ಯಾಕುಮಾರಿಯಲ್ಲಿ ಮುಗಿಯುವ ರಾಷ್ಟ್ರೀಯ ಹೆದ್ದಾರಿ 66, ಅಂದರೆ ಹಿರಿಯರು ಇಂದಿಗೂ ಹದಿನೇಳೆಂದೇ ಕರೆಯುವ ರಸ್ತೆ, ನಮ್ಮನ್ನು ಮಹಾರಾಷ್ಟ್ರ, ಗೋವಾಗಳನ್ನು ದಾಟಿಸಿ ಕರ್ನಾಟಕಕ್ಕೆ ತಲುಪಿಸುತ್ತದೆ. ಕೋಪರಿಯಿಂದ ಉಡುಪಿಗೆ 850 ಕಿಲೋಮೀಟರಿನ ಆಸುಪಾಸು. ಊಟ, ಉಪಾಹಾರ, ಪೇಟೆಗಳ ದಟ್ಟಣೆ, ದುರಸ್ತಿಯ ತಿರುವುದಾರಿ ಎಲ್ಲವನ್ನೂ ಸೇರಿಸಿದರೆ ಗಂಟೆಗೆ ಸರಾಸರಿ 50 ಕಿಲೋಮೀಟರು ದೊರೆತರೆ ಪುಣ್ಯ. ಭಾಗಿಸಿ ನೋಡಿದರೆ 17 ಗಂಟೆ.

ಈ ಹದಿನೇಳರ ಅಂಕಿ ಗಮನಾರ್ಹ. ಸತತವಾಗಿ 17 ಗಂಟೆ ಎಚ್ಚರವಾಗಿದ್ದವನ ಚುರುಕುತನವು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಜೀವಮಾನದಲ್ಲಿ ಮದ್ಯ ಮುಟ್ಟದ ಗೃಹಸ್ಥನೂ ಊರಿನ ಗಡಿ ಸೇರುವ ಹೊತ್ತಿಗೆ ಕುಡಿದವನಂತೆ ಕಾರು ನಡೆಸುತ್ತಿರುತ್ತಾನೆ ಎಂದಾಯಿತು! 80 ಕಿಲೋಮೀಟರ್ ವೇಗದಲ್ಲಿ ನಾಲ್ಕೇ ಸೆಕೆಂಡು ರೆಪ್ಪೆ ಮುಚ್ಚಿದರೂ ಕಾರು ಸುಮಾರು 90 ಮೀಟರು ತಾನಾಗಿಯೇ ಓಡಿರುತ್ತದೆ. ನಸುಕಿನ ಎರಡರಿಂದ ಐದು ಗಂಟೆಯವರೆಗೂ, ಮಧ್ಯಾಹ್ನದ ಊಟದ ಬಳಿಕವೂ ನಿದ್ರೆ ಒತ್ತರಿಸಿಕೊಂಡು ಬರುವುದು ಶರೀರಧರ್ಮ. ಹಾಡು, ಚಹ, ತಣ್ಣನೆಯ ಗಾಳಿ ಇವು ಅದನ್ನು ಸ್ವಲ್ಪ ಮುಂದೂಡಬಲ್ಲವೇ ಹೊರತು ತೀರಿಸಲಾರವು. ರಸ್ತೆ ಬಿಟ್ಟು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಮಲಗುವುದೊಂದೇ ತಾತ್ಕಾಲಿಕ ಉಪಾಯ.

ಆದುದರಿಂದ ಒಂದೇ ದಿನದಲ್ಲಿ ಊರು ಸೇರುವ ಹಟ ಬೇಡ. ಬೆಳಗ್ಗೆ ಐದಕ್ಕೆ ಹೊರಟು ಸಂಜೆಯೊಳಗೆ ಕಣಕವಲಿ ಅಥವಾ ಕುಡಾಳದಲ್ಲಿ ತಂಗಿದರೆ ದಾರಿಯ ಅರ್ಧ ಮುಗಿದಂತೆ, ಉಳಿದರ್ಧ ಮರುದಿನಕ್ಕೆ.

ನೀರು ದಾಟುವ ದಾರಿ

ಹೆದ್ದಾರಿಯ ಗದ್ದಲ ಬೇಡವೆನ್ನುವವರಿಗೆ ಸಮುದ್ರದ ಅಂಚಿನ ಇನ್ನೊಂದು ದಾರಿಯಿದೆ. ಮುಂಬಯಿಯ ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ ಕಾರುಗಳನ್ನು ಒಯ್ಯುವ ರೋ-ರೋ ಹಡಗು 2020ರ ಮಾರ್ಚಿಯಲ್ಲಿ ಆರಂಭವಾಯಿತು. ದಾಟಲು ಸುಮಾರು ಒಂದು ಗಂಟೆ. ಅಲ್ಲಿಂದ ಅಲಿಬಾಗ, ಮುರುಡ. ಆಗರದಾಂಡಾದಿಂದ ದಿಘಿಗೆ ಎರಡನೆಯ ಫೆರಿ. ಶ್ರೀವರ್ಧನ, ಹರಿಹರೇಶ್ವರಗಳ ಬಳಿಕ ಬಾಗಮಾಂಡಲಾದಿಂದ ವೇಶ್ವಿಗೆ ಸಾವಿತ್ರಿ ನದಿ, ದಾಭೋಳದಿಂದ ಧೋಪಾವೆಗೆ ವಾಶಿಷ್ಠಿ, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ. ಹೀಗೆ ಐದು ಕಡೆ ಕಾರು ದೋಣಿಯೇರಿದ ಮೇಲೆ ಗಣಪತಿಪುಳೆ.

ಈ ದಾರಿ ರಮ್ಯವೇನೋ ಹೌದು, ಆದರೆ ಇದರ ಲೆಕ್ಕ ಬೇರೆ. ರಸ್ತೆಗಳು ಕಿರಿದು, ತಿರುವುಗಳು ಹೇರಳ. ಗಂಟೆಗೆ 25–30 ಕಿಲೋಮೀಟರಿಗಿಂತ ಹೆಚ್ಚು ಸಾಗದು. ದಾಭೋಳದಂಥಲ್ಲಿ ದಾಟುವುದು ನಿಮಿಷಗಳ ಕೆಲಸ, ಸರತಿಯಲ್ಲಿ ಕಾಯುವುದು ಗಂಟೆಗಳ ಕೆಲಸವಾಗಬಹುದು. ಗಾಳಿ, ಮಳೆ, ನೀರಿನ ಇಳಿತಗಳು ವೇಳಾಪಟ್ಟಿಯನ್ನು ಓದಿರುವುದಿಲ್ಲ. ಫೆರಿ ತಪ್ಪಿದರೆ ದಾಪೋಳಿಯ ಕಡೆಯಿಂದ ಖೇಡ, ಚಿಪಳೂಣಗಳನ್ನು ಸುತ್ತಿಯೇ ಗುಹಾಗರಕ್ಕೆ ಬರಬೇಕು.

ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ರಜೆಯಲ್ಲಿ, ಮಧುಮೇಹವುಳ್ಳ ನನ್ನ ತಾಯಿಯವರನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೊರಟಿದ್ದೆ. ಒಂದು ಕಡವಿಗೆ ಮುಟ್ಟಿದಾಗ ಕತ್ತಲಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಆಚೆ ದಡದಲ್ಲಿ ಊಟವೆಂದು ನಾನೇ ಹೇಳಿದೆ. ಅವರು ನನ್ನ ಮಾತು ನಂಬಿ ಊಟಕ್ಕೆ ಮೊದಲಿನ ಇನ್ಸುಲಿನ್ ಚುಚ್ಚಿಕೊಂಡರು. ಎದುರಿಗಿದ್ದ ಕಾರುಗಳ ಸಾಲು ಕರಗಲು ಎರಡು ಗಂಟೆ ಹಿಡಿಯಿತು. ಅಷ್ಟರೊಳಗೆ ಅವರ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ದಂಡೆಯ ಚಹದ ಅಂಗಡಿಯವನು ನೀರಿಗೆ ಸಕ್ಕರೆ ಕದಡಿ ಕೊಟ್ಟನು. ಕಾಲು ಗಂಟೆಯಲ್ಲಿ ಅವರು ಕಣ್ಣರಳಿಸಿ, ‘ದೋಣಿ ಬಂತಾ ಮಗಾ?’ ಎಂದು ಕೇಳಿದಾಗ ನನಗೆ ಉತ್ತರಿಸುವ ಧೈರ್ಯವಿರಲಿಲ್ಲ. ತಪ್ಪು ದೋಣಿಯದಲ್ಲ, ಮೀಸಲಿಲ್ಲದ ನನ್ನ ಲೆಕ್ಕದ್ದು.

ಅಂದಿನಿಂದ ನಮ್ಮ ಮನೆಯಲ್ಲಿ ನಿಯಮವೊಂದಿದೆ: ಪ್ರತಿ ಫೆರಿಗೂ ದಾಟುವ ಸಮಯದ ಹೊರತಾಗಿ ಒಂದು ಗಂಟೆ ಮೀಸಲು, ದಿನದ ಕೊನೆಯ ಫೆರಿಯನ್ನು ನಂಬಿ ಹೊರಡುವಂತಿಲ್ಲ, ದಿನಕ್ಕೆ ಎರಡು ಕಡವಿಗಿಂತ ಹೆಚ್ಚಿಲ್ಲ. ಮೊದಲ ರಾತ್ರಿ ಶ್ರೀವರ್ಧನ, ಎರಡನೆಯದು ದಾಪೋಳಿ, ಮೂರನೆಯದು ಗಣಪತಿಪುಳೆ, ನಾಲ್ಕನೆಯದು ಕಾರವಾರ. ಐದನೆಯ ದಿನ ಮಧ್ಯಾಹ್ನದ ಊಟ ಊರಿನಲ್ಲಿ.

ದೇಹಕ್ಕೆ ಸಂಬಂಧಿಸಿದ ಸಿದ್ಧತೆ

ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತಿನ ಚುಚ್ಚುಮದ್ದನ್ನು ಊಟ ಎದುರಿಗೆ ಬರುವ ಮೊದಲು ತೆಗೆದುಕೊಳ್ಳಬಾರದು. ಪ್ರಯಾಣದ ದಿನದ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಔಷಧವನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡದೆ ತಂಪು ಚೀಲದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಇಡಬೇಕು. ಸಕ್ಕರೆ ಇಳಿದ ಲಕ್ಷಣ ಕಂಡೊಡನೆ ಮೂರು ಚಹದ ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಕೊಟ್ಟು, ಹದಿನೈದು ನಿಮಿಷದ ಬಳಿಕ ಪರೀಕ್ಷಿಸಿ, ಬೇಕಾದರೆ ಮತ್ತೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು. ಈ ಸಂಖ್ಯೆ ದಾರಿಯ ಮೂರೂ ರಾಜ್ಯಗಳಲ್ಲಿದೆ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಮಡಿಸಿ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಎರಡು ಗಂಟೆಗೊಮ್ಮೆ ಎಲ್ಲರೂ ಇಳಿದು ಐದಾರು ನಿಮಿಷ ನಡೆಯಬೇಕು. ಗರ್ಭಿಣಿಯರೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರೂ ವೈದ್ಯರ ಸಲಹೆಯಿಲ್ಲದೆ ಹೊರಡಬಾರದು. ಶೌಚಾಲಯದ ಅನಾನುಕೂಲಕ್ಕೆ ಹೆದರಿ ನಮ್ಮ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರ ಫಲ ಮೂತ್ರದ ಸೋಂಕಿನ ರೂಪದಲ್ಲಿ ಊರಿನಲ್ಲಿ ಕಾಣಿಸುತ್ತದೆ. ನಿಲ್ಲುವ ಸ್ಥಳಗಳನ್ನು ಮೊದಲೇ ಗುರುತಿಸಿಕೊಂಡರೆ ಈ ಹೆದರಿಕೆ ತಪ್ಪುತ್ತದೆ.

ಓಕರಿಕೆ ತಡೆಯುವ ಮಾತ್ರೆಗಳನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಅವುಗಳಲ್ಲಿ ಹಲವು ತೂಕಡಿಕೆ ತರುವುದರಿಂದ ಕಾರು ನಡೆಸುವವರು ಅವುಗಳನ್ನು ಮುಟ್ಟಬಾರದು. ದೋಣಿಯಲ್ಲಿ ಇಂಜಿನ್ ನಿಲ್ಲಿಸಿ, ಕಾರನ್ನು ಗೇರಿನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿರಿಯರನ್ನು ಕೈಹಿಡಿದು ಇಳಿಸಿ ಗಾಳಿ ಬರುವಲ್ಲಿ ಕುಳ್ಳಿರಿಸಬೇಕು.

ಮಳೆಗಾಲದ ಎಚ್ಚರ

ಈ ದಾರಿಯಲ್ಲಿ ಮಳೆಯನ್ನು ಹಗುರಾಗಿ ಎಣಿಸುವಂತಿಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿದು ಬಸ್ಸುಗಳು ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೇ ನುಂಗಿತು. ಅದೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಮಾತ್ರ ಪ್ರಯಾಣಿಸುವುದು ಲೇಸು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಹೋಗುವ ಮೇಲಿನ ದಾರಿಯೂ ಮನಸ್ಸಿನಲ್ಲಿರಲಿ. ಅದರ ಘಟ್ಟಗಳ ಸ್ಥಿತಿಯನ್ನೂ ಅಂದಂದೇ ವಿಚಾರಿಸಬೇಕು.

ಇಂದು ನಮ್ಮ ಮಕ್ಕಳು ಪರದೇಶಗಳಲ್ಲಿ ನೆಲೆಸಿ, ತಂದೆತಾಯಿಯರನ್ನು ಕರೆಸಿಕೊಂಡು ನಾಲ್ಕಾರು ದೇಶಗಳನ್ನು ಕಾರಿನಲ್ಲಿ ಸುತ್ತಿಸುವುದುಂಟು. ಇಂಗ್ಲೆಂಡಿನ ಡೋವರಿನಿಂದ ಫ್ರಾನ್ಸಿನ ಕಲೇಗೆ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆ. ಈ ದಡದಲ್ಲಿ ಎಡಬದಿಯ ಸಂಚಾರ, ಆ ದಡದಲ್ಲಿ ಬಲಬದಿಯದು. ಅಲ್ಲಿ ಕಾರು ನಡೆಸಬೇಕೆನ್ನುವವರು ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಪಡೆದೊಯ್ಯಬೇಕು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಔಷಧಗಳಿಗೆ ವೈದ್ಯರ ಚೀಟಿ, ಆರೋಗ್ಯ ವಿಮೆ ಇವು ಜೊತೆಗಿರಬೇಕು. ದೇಶ ಬದಲಾಗಬಹುದು, ಸಮಯ ಮೀಸಲಿಡುವ ನಿಯಮ ಬದಲಾಗದು.

ನನ್ನ ತಾಯಿಯವರು ಆ ದಾರಿಯಲ್ಲಿ ಮರುವರ್ಷವೂ ಬಂದರು. ಆ ಕಡವನ್ನು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಬುತ್ತಿ ಬಿಚ್ಚಿ, ಊಟ ಮುಗಿಸಿ, ಚಹದ ಅಂಗಡಿಯವನನ್ನು ಮಾತನಾಡಿಸಿ ದೋಣಿ ಹತ್ತಿದೆವು. ಒಂದು ದಿನ ತಡವಾಗಿ ಹೋದರೆ ಊರೇನೂ ಓಡಿಹೋಗುವುದಿಲ್ಲ. ಅಲ್ಲಿ ಬಾಗಿಲಲ್ಲಿ ನಿಂತು ಕಾಯುವವರಿಗೆ ಬೇಕಾದುದು ನಾವು ಬೇಗ ಬರುವುದಲ್ಲ, ಕ್ಷೇಮವಾಗಿ ಬರುವುದು.