ನೀಲಿ ಬಾವುಟವೂ ವಸತಿಗೃಹದ ಲೆಕ್ಕಪುಸ್ತಕವೂ

ಬೇಸಗೆಯ ರಜೆ ಬಂತೆಂದರೆ ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಕೊಂಕಣ ರೈಲನ್ನೇರಿ ಊರಿಗೆ ಹೊರಡುತ್ತಾರೆ. ಆ ದಾರಿಯ ಎರಡು ಕಡಲತೀರಗಳಿಗೆ, ಹೊನ್ನಾವರದ ಬಳಿಯ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ, 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ನೀಲಿ ಬಾವುಟದ ಮನ್ನಣೆ ದೊರೆಯಿತು. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಈ ಮನ್ನಣೆಯನ್ನು ಈಗ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವು ನೀಡುತ್ತದೆ.

ಬಾವುಟವೇತಕ್ಕೆ ಎಂದು ನೀವು ಕೇಳಬಹುದು. ಪ್ರವಾಸಿಗಳು ತಿಳಿನೀರನ್ನೂ ಶುಭ್ರವಾದ ಮರಳನ್ನೂ ಅರಸಿ ಬರುತ್ತಾರೆ. ಬಂದವರ ಕಸವೂ ಕೊಳಚೆಯೂ ಅವೆರಡನ್ನೇ ಕೆಡಿಸುತ್ತವೆ. ಕೆಟ್ಟ ತೀರಕ್ಕೆ ಮರುವರ್ಷ ಯಾರೂ ಬಾರರು. ಆಗ ವಸತಿಗೃಹದವನೂ, ದೋಣಿಯವನೂ, ಎಳನೀರು ಮಾರುವವಳೂ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಈ ಮನ್ನಣೆಗೆ 33 ನಿಬಂಧನೆಗಳುಂಟು. ಅವುಗಳಲ್ಲಿ ನೀರಿನ ಪರೀಕ್ಷೆಯೇ ಅತ್ಯಂತ ಕಟ್ಟುನಿಟ್ಟಾದುದೆಂದು ನನ್ನ ಎಣಿಕೆ. ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ 'ಇ. ಕೋಲಿ' ಎಂಬ ಸೂಕ್ಷ್ಮಜೀವಿಯು ಕಡಲನೀರಿನಲ್ಲಿ ಹೆಚ್ಚಾಗಿ ಕಂಡುಬಂದರೆ, ಎಲ್ಲಿಂದಲೋ ಶೌಚದ ಕೊಳಚೆ ಬಂದು ಸೇರುತ್ತಿದೆಯೆಂದು ತಿಳಿಯಬೇಕು. 100 ಮಿಲಿಲೀಟರ್ ನೀರಿನಲ್ಲಿ ಇದರ ಎಣಿಕೆ 250ನ್ನು ಮೀರಬಾರದೆಂಬುದು ನಿಯಮ. ಪ್ರವಾಸಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ನೀರನ್ನು ಪರೀಕ್ಷಿಸಬೇಕು. ಮನ್ನಣೆಯಾದರೂ ಶಾಶ್ವತವಲ್ಲ, ವರ್ಷ ವರ್ಷವೂ ಹೊಸದಾಗಿ ಗಳಿಸಬೇಕು. ವಿಶಾಖಪಟ್ಟಣದ ರುಷಿಕೊಂಡ ತೀರವು ನಮ್ಮ ತೀರಗಳ ಜೊತೆಯಲ್ಲಿಯೇ ಬಾವುಟವನ್ನು ಪಡೆದಿತ್ತು. ನಿರ್ವಹಣೆ ಸಡಿಲವಾದ ಕಾರಣ 2025ರಲ್ಲಿ ಕೆಲಕಾಲ ಅದನ್ನು ಕಳೆದುಕೊಳ್ಳಬೇಕಾಯಿತು.

ತೀರಕ್ಕೆ ಬಾವುಟವಿರುವಂತೆ ವಸತಿಗೃಹಗಳಿಗೂ ಒಂದು ಕ್ರಮವುಂಟು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1996ರಲ್ಲಿ ಮೊದಲು ಪ್ರಕಟಿಸಿದ 'ಐಎಸ್‌ಒ 14001' ಎಂಬುದು ಅಂಥದು. ಹೆಸರು ಕೇಳಿ ಅಂಜಬೇಕಾಗಿಲ್ಲ. ತನ್ನಿಂದ ಪರಿಸರಕ್ಕೆ ಎಲ್ಲೆಲ್ಲಿ ಹಾನಿಯಾಗುತ್ತಿದೆಯೆಂದು ಒಡೆಯನು ಮೊದಲು ಗುರುತಿಸಬೇಕು. ಎಷ್ಟು ತಗ್ಗಿಸುವೆನೆಂದು ಬರೆದಿಡಬೇಕು. ಯಾವ ಕೆಲಸಕ್ಕೆ ಯಾರು ಹೊಣೆಯೆಂಬುದನ್ನು ಗೊತ್ತುಮಾಡಬೇಕು. ಆಮೇಲೆ ಅಳೆದು ನೋಡಬೇಕು. ಹೊರಗಿನ ಪರೀಕ್ಷಕರು ಬಂದು ಇದನ್ನೆಲ್ಲ ತಪಾಸಣೆ ಮಾಡಿದರೇ ಪ್ರಮಾಣಪತ್ರ ಸಿಗುವುದು.

ಒಂದು ಲೆಕ್ಕ ಮಾಡಿ ನೋಡೋಣ. 20 ಕೋಣೆಗಳಿವೆ, ಕೋಣೆಗೊಂದು ಹಾಸಿಗೆ, ಅತಿಥಿಗಳು ಮೂರು ರಾತ್ರಿ ತಂಗುತ್ತಾರೆ ಎಂದಿಟ್ಟುಕೊಳ್ಳಿರಿ. ಹಾಸುಬಟ್ಟೆಯನ್ನು ದಿನವೂ ಬದಲಿಸಿದರೆ ಮೂರು ದಿನಕ್ಕೆ 60 ಬಟ್ಟೆಗಳನ್ನು ಒಗೆಯಬೇಕು. ಅತಿಥಿ ಹೊರಟಮೇಲೆ ಮಾತ್ರ ಬದಲಿಸಿದರೆ 20 ಸಾಕು. ನೀರು, ಸಾಬೂನು, ವಿದ್ಯುತ್ತು ಮೂರೂ ಉಳಿಯುತ್ತವೆ, ಹಣವೂ ಉಳಿಯುತ್ತದೆ. ಆದುದರಿಂದಲೇ ಪರಿಸರದ ಮೇಲೆ ವಿಶೇಷ ಮಮತೆಯಿಲ್ಲದ ವ್ಯಾಪಾರಿಯೂ ಇಂಥ ಕ್ರಮಕ್ಕೆ ಒಪ್ಪುತ್ತಾನೆ. ಅದನ್ನು ತಪ್ಪೆಂದು ನಾನು ಹೇಳಲಾರೆ.

ಆದರೆ ಒಂದು ಎಚ್ಚರ ಬೇಕು. ನೀಲಿ ಬಾವುಟಕ್ಕೆ 250 ಎಂಬ ಅಂಕೆ ಹೊರಗಿನಿಂದ ಬಂದುದು. ಐಎಸ್‌ಒ ಕ್ರಮದಲ್ಲಿ ಗುರಿಯನ್ನು ವಸತಿಗೃಹವೇ ನಿಶ್ಚಯಿಸಿಕೊಳ್ಳುತ್ತದೆ. ಅಲ್ಪ ಗುರಿಯನ್ನಿಟ್ಟುಕೊಂಡವನೂ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಬಹುದು. ಮೇಲಾಗಿ ತಪಾಸಣೆಗೆ ಹಣ ತಗಲುವುದರಿಂದ ಸಣ್ಣ ಲಾಡ್ಜುಗಳಿಗೆ ಅದು ಭಾರವೇ ಸರಿ.

ಪತ್ರವಿಲ್ಲದೆಯೂ ಕೆಲಸ ಆರಂಭವಾಗಬಹುದು. ಕರಾವಳಿಯಿಂದ ಬಂದ ನಮ್ಮ ಹಿರಿಯರಲ್ಲಿ ಅನೇಕರು ಈ ನಗರದಲ್ಲಿ ಹೋಟೆಲು ನಡೆಸಿದವರು. ಗಲ್ಲಾಪೆಟ್ಟಿಗೆಯ ಬದಿಯ ಲೆಕ್ಕಪುಸ್ತಕದಲ್ಲಿ ಕಾಸು ಕಾಸನ್ನೂ ಬರೆದಿಟ್ಟ ಅವರಿಗೆ, ದಿನದ ನೀರು, ವಿದ್ಯುತ್ತು ಮತ್ತು ಕಸದ ತೂಕಕ್ಕೆಂದು ಇನ್ನು ಮೂರು ಅಂಕಣಗಳನ್ನು ಎಳೆಯುವುದು ಕಷ್ಟವಾಗಲಾರದು.

ಬರುವ ರಜೆಯಲ್ಲಿ ಪಡುಬಿದ್ರಿಗೆ ಹೋದವರು ತೀರದ ಫಲಕವನ್ನು ನೋಡಿರಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಅಲ್ಲಿ ಪ್ರಕಟಿಸಬೇಕೆಂಬುದೂ ಆ 33 ನಿಬಂಧನೆಗಳಲ್ಲೊಂದು. ಅಂಕೆಯ ಜೊತೆಗೆ ಪರೀಕ್ಷೆಯ ದಿನಾಂಕವನ್ನೂ ಓದಿಕೊಂಡು ಬನ್ನಿರಿ.