ಬಣ್ಣದ ವೇಷ, ಅಬ್ಬರದ ವಾದ್ಯ, ಕರುಣದ ಪದ

ಮುಖಕ್ಕೆ ದಟ್ಟವಾಗಿ ಬಣ್ಣ ಬಳಿದುಕೊಂಡು, ಕೂದಲನ್ನು ಆಕಾಶಕ್ಕೆ ನಿಮಿರಿಸಿ, ಕಿವಿ ಗಡಚಿಕ್ಕುವಂತೆ ವಾದ್ಯ ಬಾರಿಸುವವರ ಬಾಯಿಂದ ಕರುಣರಸದ ಹಾಡು ಹೊರಟೀತೆ? ಈ ಪ್ರಶ್ನೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಹಲವು ಬಾರಿ ಕೇಳಿದ್ದೇನೆ. ಅದನ್ನು ಎತ್ತಿದವರಾರೂ ಉತ್ತರವನ್ನು ನಿರೀಕ್ಷಿಸಿದವರಲ್ಲ. ನಮ್ಮ ಬೈಯಪ್ಪನಹಳ್ಳಿಯ ಮಕ್ಕಳಲ್ಲಿ ಕೆಲವರು ಜಪಾನ್ ದೇಶದ ಚಿತ್ರಕಥೆಗಳ ಬೆನ್ನು ಹಿಡಿದು ಆ ದೇಶದ ರಾಕ್ ಸಂಗೀತದವರೆಗೂ ಹೋಗಿದ್ದಾರೆ. ಮೊಬೈಲಿನ ಪರದೆಯ ಮೇಲೆ ಆ ವೇಷಗಳನ್ನು ಕಂಡ ಹಿರಿಯರು ಹೌಹಾರುತ್ತಾರೆ. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಎತ್ತಿಕೊಂಡು, ನಮಗೆ ಪರಿಚಿತವಾದ ಯಕ್ಷಗಾನದ ದಾರಿಯಿಂದ ಅದಕ್ಕೆ ಉತ್ತರವನ್ನು ಅರಸಬಯಸುತ್ತೇನೆ.

ಯಕ್ಷಗಾನದ ಚೌಕಿಯನ್ನು ಒಮ್ಮೆ ಹೊಕ್ಕು ನೋಡಿದವರಿಗೆ ಬಣ್ಣವೆಂದರೆ ಏನೆಂಬುದು ತಿಳಿದಿರುತ್ತದೆ. ತೆಂಕುತಿಟ್ಟಿನ ರಾಕ್ಷಸ ಪಾತ್ರಧಾರಿಯು ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ ಮುಖದ ಮೇಲೆ ಒಂದೊಂದಾಗಿ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತಿರುತ್ತಾನೆ. ಅವನು ರಂಗಕ್ಕೆ ಬರುವಾಗ ಚೆಂಡೆಯ ಪೆಟ್ಟು ಎದೆಗೇ ಬಿದ್ದಂತಾಗುತ್ತದೆ. ಭರತಮುನಿಯು ಹೇಳುವ ನಾಲ್ಕು ಅಭಿನಯಗಳಲ್ಲಿ ಆಹಾರ್ಯವೂ ಒಂದಷ್ಟೆ. ವೇಷಭೂಷಣಗಳು ಸಂಗೀತಕ್ಕೆ ಹೊರಗಿನ ವಸ್ತುವೆಂದು ನಮ್ಮ ಶಾಸ್ತ್ರವು ಎಂದೂ ಎಣಿಸಿಲ್ಲ. ಆದರೆ ಅದೇ ರಂಗಕ್ಕೆ ಬೆಳಗಿನ ಜಾವದಲ್ಲಿ, ಮಗನನ್ನು ಕಳೆದುಕೊಂಡ ಚಂದ್ರಮತಿಯು ಬಂದಳೆನ್ನಿ. ಚೆಂಡೆಯು ಸುಮ್ಮನಾಗುತ್ತದೆ. ಮದ್ದಳೆಯು ಬೆರಳ ತುದಿಯಲ್ಲಷ್ಟೇ ನುಡಿಯುತ್ತದೆ. ಭಾಗವತನು ಭಾಮಿನಿಯನ್ನೋ ವಾರ್ಧಕವನ್ನೋ ಎತ್ತಿಕೊಂಡರಂತೂ ತಾಳವೂ ಇಲ್ಲ, ದನಿಯೊಂದೇ. ಇರುಳೆಲ್ಲ ಚೆಂಡೆಗೆ ತೆರೆದುಕೊಂಡಿದ್ದ ಕಿವಿಗೆ ಆ ಮೌನವು ಎಷ್ಟು ದೊಡ್ಡದಾಗಿ ಕೇಳಿಸುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ಅದೇ ಪದವನ್ನು ಹಗಲು ಹೊತ್ತಿನಲ್ಲಿ ಶ್ರುತಿಪೆಟ್ಟಿಗೆಯೊಂದನ್ನೇ ಇಟ್ಟುಕೊಂಡು ಹಾಡಿದರೆ ಚೆನ್ನಾಗಿರಬಹುದು, ಕರುಳನ್ನು ಹಾಗೆ ಹಿಂಡಲಾರದು. ಅಬ್ಬರವು ಕರುಣಕ್ಕೆ ವೈರಿಯಲ್ಲ. ಅದಕ್ಕೆ ನೆಲವನ್ನು ಹದಮಾಡಿಕೊಡುವ ನೇಗಿಲು. ರಾಘವಾಂಕನು ಹರಿಶ್ಚಂದ್ರ ಕಾವ್ಯದಲ್ಲಿ ಬೇಟೆಯ ಗದ್ದಲಕ್ಕೂ ಮಸಣದ ಪ್ರಲಾಪಕ್ಕೂ ಒಂದೇ ವಾರ್ಧಕ ಷಟ್ಪದಿಯನ್ನು ಬಳಸಿದ್ದಾನೆ. ನಡೆ ಮಾತ್ರ ಬೇರೆ.

ಇನ್ನು ಜಪಾನಿಗೆ ಬರೋಣ. ಅಲ್ಲಿ ಈ ಬಗೆಯ ಸಂಗೀತಕ್ಕೆ ‘ವಿಷುವಲ್ ಕೇ’ ಎಂದು ಹೆಸರು. ‘ಕೇ’ ಎಂಬ ಜಪಾನೀ ಪದಕ್ಕೆ ವರ್ಗ, ಶೈಲಿ ಎಂಬ ಅರ್ಥವುಂಟು. ಕಣ್ಣಿಗೆ ಕಾಣುವುದನ್ನೂ ಸಂಗೀತದ ಅಂಗವಾಗಿ ಎಣಿಸುವ ಶೈಲಿಯೆಂದು ಹೇಳಬಹುದು. ಬಣ್ಣದ ಮುಖದ ಕಬುಕಿ ನಾಟಕವು ಶತಮಾನಗಳಿಂದ ನಡೆದುಬಂದಿರುವ ದೇಶದಲ್ಲಿ ಇದು ಬೇರೂರಿದ್ದು ಅಚ್ಚರಿಯಲ್ಲ. ಇದರ ಮೂಲಪುರುಷರಲ್ಲಿ ಮುಖ್ಯರಾದವರು ‘ಎಕ್ಸ್’ ಎಂಬ ತಂಡದವರು. ಮುಂದೆ ಇವರೇ ‘ಎಕ್ಸ್ ಜಪಾನ್’ ಎಂದು ಹೆಸರಾದರು. ಚಿಬಾ ಪ್ರಾಂತದ ಬಾಲ್ಯಸ್ನೇಹಿತರಾದ ಯೊಷಿಕಿ ಮತ್ತು ತೊಷಿ ಎಂಬಿಬ್ಬರು 1982ರಲ್ಲಿ ಅದನ್ನು ಕಟ್ಟಿದರು. ತೊಷಿ ಗಾಯಕ. ಯೊಷಿಕಿಯು ಡ್ರಮ್ ಬಾರಿಸುವವನು. ಬಾರಿಸುವ ರಭಸಕ್ಕೆ ಕತ್ತಿನ ಮೂಳೆ ಸವೆದು 2009ರಲ್ಲಿಯೂ 2017ರಲ್ಲಿಯೂ ಶಸ್ತ್ರಚಿಕಿತ್ಸೆಗೆ ಒಳಗಾದವನು. ಎಳವೆಯಿಂದಲೇ ಪಾಶ್ಚಾತ್ಯ ಶಾಸ್ತ್ರೀಯ ಕ್ರಮದಲ್ಲಿ ಪಿಯಾನೋ ಕಲಿತ ಈತನೇ, ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಈತನೇ, ತಂಡದ ಅತ್ಯಂತ ಮೃದುವಾದ ಹಾಡುಗಳನ್ನು ರಚಿಸಿದವನೂ ಹೌದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಚೆಂಡೆಯವನೇ ಕರುಣದ ಪದವನ್ನೂ ಕಟ್ಟಿದ.

ಆ ಪದಗಳಲ್ಲಿ ಅಭಿಮಾನಿಗಳು ಮೊದಲು ಹೆಸರಿಸುವುದು 1989ರ ‘ಎಂಡ್‌ಲೆಸ್ ರೈನ್’, ಎಂದರೆ ಮುಗಿಯದ ಮಳೆ. ಅದು ‘ಬ್ಲೂ ಬ್ಲಡ್’ ಎಂಬ ಧ್ವನಿಮುದ್ರಿಕೆಯಲ್ಲಿ, ಕುದುರೆಯ ಓಟದಂತಹ ಹಾಡುಗಳ ನಡುವೆ ಬರುತ್ತದೆ. ಪಿಯಾನೋ ಒಂದೇ ಆರಂಭಿಸುತ್ತದೆ, ದನಿ ಸೇರುತ್ತದೆ, ಗಿಟಾರು ಡ್ರಮ್ಮುಗಳು ತಡವಾಗಿ ಬಂದು ದನಿಯನ್ನು ಎತ್ತಿ ಹಿಡಿಯುತ್ತವೆ. ಸಭೆಗಳಲ್ಲಿ ಅದರ ಪಲ್ಲವಿಯನ್ನು ವಾದ್ಯಗಳು ನಿಂತ ಮೇಲೂ ಸಾವಿರಾರು ಮಂದಿ ತಾವೇ ಹಾಡುತ್ತಿರುತ್ತಾರೆ. ಭಜನೆಯ ಅಭ್ಯಾಸವಿರುವ ನಮಗೆ ಇದು ಹೊಸತೆನಿಸದು. 1993ರ ‘ಟಿಯರ್ಸ್’ ಮತ್ತು 1996ರ ‘ಫಾರೆವರ್ ಲವ್’ ಇದೇ ಜಾಡಿನವು. ಎರಡನೆಯದನ್ನು 2001ರಲ್ಲಿ ಅಲ್ಲಿಯ ಪ್ರಧಾನಿ ಕೊಯಿಜುಮಿಯವರ ಪಕ್ಷವು ತನ್ನ ಪ್ರಚಾರಕ್ಕೂ ಬಳಸಿಕೊಂಡಿತು. (ವಿರಹದ ಹಾಡಿನಿಂದ ಮತ ಕೇಳುವ ಧೈರ್ಯ ನಮ್ಮ ಪಕ್ಷಗಳಿಗೆ ಇನ್ನೂ ಬಂದಿಲ್ಲ.) ನನ್ನ ಮೆಚ್ಚಿಗೆ ‘ಡಾಲಿಯಾ’ ಎಂಬ 1996ರ ಮುದ್ರಿಕೆಯ ‘ಕ್ರೂಸಿಫೈ ಮೈ ಲವ್’ಗೆ. ಅದರಲ್ಲಿ ಡ್ರಮ್ಮೂ ಇಲ್ಲ, ವಿದ್ಯುತ್ ಗಿಟಾರೂ ಇಲ್ಲ. ಪಿಯಾನೋ, ತಂತಿವಾದ್ಯಗಳು, ಒಂದು ಕಂಠ. ತಾಳವಿಲ್ಲದ ಭಾಮಿನಿಗೆ ಅಷ್ಟು ಸಮೀಪವಾದ ಪಾಶ್ಚಾತ್ಯ ಧಾಟಿಯ ಹಾಡನ್ನು ನಾನು ಬೇರೆ ಕೇಳಿಲ್ಲ. ‘ಲೂನಾ ಸೀ’ ಎಂಬ ಇನ್ನೊಂದು ತಂಡದ 1998ರ ‘ಐ ಫಾರ್ ಯೂ’ ಕೂಡ ಬಹುಜನಪ್ರಿಯ. ಆ ತಂಡದ ಗಿಟಾರುವಾದಕ ಸುಗಿಜೋ ಪಿಟೀಲನ್ನೂ ನುಡಿಸುತ್ತಾನೆ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದುದು ಇಲ್ಲಿ ನೆನಪಾಗುತ್ತದೆ.

ಹಿರಿಯರ ಅಳುಕಿಗೆ ವೇಷಕ್ಕಿಂತ ಆಳವಾದ ಕಾರಣವೊಂದುಂಟು. ಅದನ್ನು ಹಗುರವಾಗಿ ಕಾಣಲಾಗದು. ಎಕ್ಸ್ ತಂಡದ ಗಿಟಾರುವಾದಕ ಹಿಡೆ 1998ರ ಮೇ 2ರಂದು ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡನು. ಟೋಕಿಯೋದ ತ್ಸುಕಿಜಿ ಹೊಂಗಾಂಜಿ ಬೌದ್ಧಮಂದಿರದಲ್ಲಿ ನಡೆದ ಅಂತ್ಯದರ್ಶನಕ್ಕೆ ಸುಮಾರು 50 ಸಾವಿರ ಜನ ನೆರೆದರು. ಆ ಮಂದಿರವು 1934ರಲ್ಲಿ ಪ್ರಾಚೀನ ಭಾರತದ ಚೈತ್ಯಗಳ ಮಾದರಿಯಲ್ಲಿ ಕಟ್ಟಿ ಮುಗಿಸಿದ್ದೆಂಬುದು ನಮಗೆ ಗಮನಾರ್ಹ. ಅಲ್ಲಿ ಯೊಷಿಕಿ ಪಿಯಾನೋ ನುಡಿಸಿ, ತೊಷಿ ‘ಫಾರೆವರ್ ಲವ್’ ಹಾಡಿದನು. ಆ ದುಃಖದಲ್ಲಿ ಕೆಲವು ಎಳೆಯರು ತಮ್ಮ ಪ್ರಾಣವನ್ನೇ ಕಳೆದುಕೊಂಡರೆಂಬುದೂ ಸತ್ಯ. ತಂಡದವರೇ ಮುಂದೆ ಬಂದು, ಹಾಗೆ ಮಾಡಬೇಡಿರೆಂದು ಬೇಡಿಕೊಳ್ಳಬೇಕಾಯಿತು. ನಮ್ಮ ಕರಾವಳಿಯೂ ಇಂಥದೊಂದು ಅಗಲಿಕೆಯನ್ನು ಕಂಡಿದೆ. ಸಾಲಿಗ್ರಾಮ ಮೇಳದ ಭಾಗವತರಾಗಿ ಹರೆಯದವರನ್ನು ಹಿಂಡುಹಿಂಡಾಗಿ ಬಯಲಾಟಕ್ಕೆ ಸೆಳೆದ, ‘ನಾಗಶ್ರೀ’ ಪ್ರಸಂಗವನ್ನು ಬರೆದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ರಸ್ತೆ ಅಪಘಾತಕ್ಕೆ ತುತ್ತಾದರು. ಅವರ ಕಂಠದ ಧ್ವನಿಸುರುಳಿಗಳನ್ನು ಹಾಕಿಕೊಂಡು ಇಂದಿಗೂ ಕಣ್ಣೊರಸಿಕೊಳ್ಳುವವರಿದ್ದಾರೆ.

ಇಲ್ಲಿ ಲಾಕ್ಷಣಿಕರು ಮಾಡುವ ಒಂದು ವಿಂಗಡಣೆ ಅಧ್ಯಾಪಕರಿಗೆ ಉಪಯುಕ್ತವಾದೀತು. ಶೋಕವು ಸ್ಥಾಯೀಭಾವ, ಅದು ಲೋಕದ್ದು. ಕರುಣವು ರಸ, ಅದು ಕಲೆಯದು. ಶೋಕದಲ್ಲಿ ಮನುಷ್ಯನು ಒಂಟಿ. ರಸದಲ್ಲಿ ಸಹೃದಯರ ಸಮೂಹವೇ ಜೊತೆಗಿರುತ್ತದೆ. ಬಾಗಿಲು ಹಾಕಿಕೊಂಡು ಒಂದೇ ಹಾಡನ್ನು ನೂರು ಬಾರಿ ಕೇಳುವ ಮಗುವಿಗೆ ಆ ಹಾಡು ಇನ್ನೂ ಶೋಕದ ಮಟ್ಟದಲ್ಲಿದೆಯೆಂದೇ ತಿಳಿಯಬೇಕು. ಅದರ ಕೈಯಿಂದ ಮೊಬೈಲನ್ನು ಕಸಿದುಕೊಂಡರೆ ಶೋಕ ಹೋಗದು, ಹಾಡು ಮಾತ್ರ ಹೋಗುತ್ತದೆ. ಪಕ್ಕದಲ್ಲಿ ಕುಳಿತು, ‘ಯಾವ ಹಾಡಪ್ಪಾ, ನನಗೂ ಕೇಳಿಸು’ ಎಂದರೆ ಅಲ್ಲಿಯೇ ಇಬ್ಬರ ಸಭೆಯೊಂದು ಕೂಡಿತು. ನಾನು ಹೀಗೆ ಕೇಳಿದಾಗಲೆಲ್ಲ ಮಕ್ಕಳು ಹಾಡಿನ ಮಾತಿನಿಂದ ಆರಂಭಿಸಿ ಮನೆಯ ಮಾತಿಗೆ ತಾವಾಗಿಯೇ ಬಂದಿದ್ದಾರೆ.

ನಮ್ಮ ನಗರಕ್ಕೂ ಈ ಅಬ್ಬರದ ಸಂಗೀತಕ್ಕೂ ನಂಟು ಹೊಸತಲ್ಲ. 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ಎಂಬ ಆಂಗ್ಲ ತಂಡವು ಅರಮನೆ ಮೈದಾನದಲ್ಲಿ ಹಾಡಿತು. 2011ರ ಅಕ್ಟೋಬರ್ 20ರಂದು, ಜಪಾನಿನ ಸಾಲದ ನೆರವೂ ಸೇರಿ ನಿರ್ಮಾಣವಾದ ಮೆಟ್ರೋ ರೈಲು ನಮ್ಮ ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಓಡಾಡತೊಡಗಿತು. ಅದಾಗಿ ಹತ್ತೇ ದಿನಕ್ಕೆ ಅದೇ ಮೈದಾನದಲ್ಲಿ ‘ಮೆಟಾಲಿಕಾ’ದ ಸಭೆ ನಡೆಯಿತು. 1998ರಿಂದ ‘ಕ್ರಿಪ್ಟೋಸ್’ ಎಂಬ ಬೆಂಗಳೂರಿನದೇ ಮೆಟಲ್ ತಂಡವೂ ಉಂಟು. 2005ರಲ್ಲಿ ಆರಂಭವಾದ ಜಪಾನ್ ಹಬ್ಬದಲ್ಲಿ ಆ ದೇಶದ ಹಾಡುಗಳನ್ನು ನಮ್ಮ ಯುವಕರೇ ಹಾಡಿರುವುದೂ ಉಂಟು.

ಕೇಳಬಯಸುವ ಸಹೋದ್ಯೋಗಿಗಳಿಗೂ ಹಳೆಯ ವಿದ್ಯಾರ್ಥಿ ಮಿತ್ರರಿಗೂ ಒಂದು ಅರಿಕೆ. ಮೊದಲು ‘ಕ್ರೂಸಿಫೈ ಮೈ ಲವ್’ ಕೇಳಿರಿ. ಕಣ್ಣು ಮುಚ್ಚಿಯೇ ಕೇಳಿರಿ, ವೇಷದ ಗೊಡವೆ ಇರದು. ಬಳಿಕ ‘ಬ್ಲೂ ಬ್ಲಡ್’ ಮುದ್ರಿಕೆಯನ್ನು ಮೊದಲಿನಿಂದ ಹಾಕಿ, ಆರಂಭದ ಅಬ್ಬರವನ್ನು ಸಹಿಸಿಕೊಂಡು ‘ಎಂಡ್‌ಲೆಸ್ ರೈನ್’ವರೆಗೆ ಬನ್ನಿರಿ. ನಡುವೆ ಹಾರಿಸಿ ಕೇಳಿದರೆ ಅದು ಅರ್ಧ ಹಾಡು ಮಾತ್ರ.