ಗೃಹಸ್ಥ ವಿದ್ಯಾರ್ಥಿ

ಬಾಲ್ಯವು ವಿದ್ಯಾರ್ಜನೆಗೆ, ಯೌವನವು ಧನಾರ್ಜನೆಗೆ ಎಂದು ಪೂರ್ವಿಕರು ಆಯುಷ್ಯವನ್ನು ವಿಂಗಡಿಸಿದರು. ಹದಿನೆಂಟರಲ್ಲಿಯೇ ಮನೆಯ ನೊಗಕ್ಕೆ ಹೆಗಲು ಕೊಟ್ಟವರಿಗೆ ಈ ಕ್ರಮವು ದಕ್ಕಲಿಲ್ಲ. ತಂಗಿಯರ ಮದುವೆ, ತಮ್ಮಂದಿರ ಓದು, ಹೊಲದ ಸಾಲ ಇವೆಲ್ಲ ತೀರುವ ಹೊತ್ತಿಗೆ ತಲೆ ನರೆತಿರುತ್ತದೆ. ಪದವಿಯ ಆಸೆ ಮಾತ್ರ ನರೆತಿರುವುದಿಲ್ಲ.

ಇಂಥವರಿಗೆ ಬಾಗಿಲು ತೆರೆದುದು ಈಚೆಗೆ. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣವನ್ನು ಆರಂಭಿಸಿದವು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಪ್ರವೇಶಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಬಹುದು.

ಆದರೆ ಶ್ರಮವು ಕಡಿಮೆಯೆಂದು ಭಾವಿಸಲಾಗದು. ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಅಧ್ಯಯನವೆಂದು ಅಲ್ಲಿಯ ಲೆಕ್ಕ. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ದಿನಕ್ಕೊಂದು ಗಂಟೆ ಬಿಡುವು ದೊರೆತರೂ ನಾಲ್ಕು ತಿಂಗಳು ಬೇಕು. ಅಂಗಡಿ ಮುಚ್ಚಿ, ದನಕ್ಕೆ ಮೇವು ಹಾಕಿ, ಮಕ್ಕಳು ಮಲಗಿದ ಮೇಲೆ ಆ ಒಂದು ಗಂಟೆ ಎಲ್ಲಿಂದ ಬರಬೇಕು?

ಪರೀಕ್ಷಾ ಮಂದಿರದಲ್ಲಿ ಮಗನ ವಯಸ್ಸಿನವರ ಪಕ್ಕದಲ್ಲಿ ಕುಳಿತುಕೊಳ್ಳುವ ಸಂಕೋಚವು ಒಂದೆರಡು ದಿನಗಳಲ್ಲಿ ಕಳೆಯುತ್ತದೆ. ರುಜುವಿಗೆ ಹೊರತು ಲೇಖನಿ ಹಿಡಿಯದ ಕೈ ಮೂರು ಗಂಟೆ ಬರೆಯುವುದೇ ನಿಜವಾದ ಕಷ್ಟ. ಇನ್ನೊಂದು ದೋಷವೂ ಉಂಟು: ಅನುಭವಸ್ಥರು ಕೇಳಿದ ಪ್ರಶ್ನೆಯನ್ನು ಬಿಟ್ಟು ತಾವು ಬಲ್ಲುದೆಲ್ಲವನ್ನೂ ಬರೆಯುತ್ತಾರೆ. ಪಂಚಾಯತಿಯಲ್ಲಿ ಹತ್ತು ವರ್ಷ ದುಡಿದವರು ರಾಜ್ಯಶಾಸ್ತ್ರದಲ್ಲಿ ಅಂಕ ಕಳೆದುಕೊಂಡರೆ ಕಾರಣವು ಅಜ್ಞಾನವಲ್ಲ, ಜ್ಞಾನದ ಅತಿವ್ಯಾಪ್ತಿ! ನೂರಕ್ಕೆ ಮೂವತ್ತು ಅಂಕಗಳಿರುವ ಮನೆಯ ಬರಹಗಳನ್ನು ಶ್ರದ್ಧೆಯಿಂದ ಬರೆದೊಪ್ಪಿಸಿದರೆ ಈ ದೋಷವು ಬಹುಮಟ್ಟಿಗೆ ತಿದ್ದಿಹೋಗುತ್ತದೆ.

ಹಣ ಕಟ್ಟುವ ಮೊದಲು ಆಯಾ ವರ್ಷಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂಬುದನ್ನು ನೋಡಿಕೊಳ್ಳತಕ್ಕದ್ದು. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ತರುವಾಯ ಮಾನ್ಯತೆ ಇಲ್ಲದೆ, 2018ರಲ್ಲಿ ಅದು ಪುನಃ ದೊರೆಯುವವರೆಗೆ ವಿದ್ಯಾರ್ಥಿಗಳು ಪಟ್ಟ ಕಳವಳವು ಮರೆಯುವಂಥದಲ್ಲ.

ಇನ್ನು ದಾಖಲೆಗಳ ಮಾತು. ಹಳೆಯ ಅಂಕಪಟ್ಟಿ ಗೆದ್ದಲಿಗೆ ಆಹುತಿಯಾಗಿರುತ್ತದೆ. ಹೆಸರಿನ ಅಕ್ಷರ, ಜನ್ಮದಿನಾಂಕಗಳು ಆಧಾರ್ ಚೀಟಿಗೆ ಹೊಂದುವುದಿಲ್ಲ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ತೊಡಕು ಇನ್ನೂ ಹೆಚ್ಚು. ಅನೇಕರು ಈ ಮೊದಲ ಮೆಟ್ಟಿಲಿನಲ್ಲಿಯೇ ಹಿಂದಿರುಗುತ್ತಾರೆ. ಮೂವತ್ತು ವರ್ಷಗಳ ಹಿಂದಿನ ದಾಖಲಾತಿ ಪುಸ್ತಕವನ್ನು ಕಪಾಟಿನಿಂದ ತೆಗೆದು, ಬಂದವರನ್ನು ಕುಳ್ಳಿರಿಸಿ, ಅವರ ಹೆಸರನ್ನು ಹುಡುಕಿಕೊಡುವ ಕೆಲಸ ಶಾಲೆಯ ಕಚೇರಿಯಿಂದಲೇ ಆಗಬೇಕು.